ಮೊದಲು ಮೂಗು, ಆಮೇಲೆ ಸ್ಪ್ಯಾನರ್

ಚಾರ್ಮಾಡಿ ಘಾಟಿ ಹತ್ತಿದವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸದೇ ಇರ್ತಾರಾ? ನಾವೂ ನಿಲ್ಲಿಸಿದೆವು. ಗಾಡಿ ಗೆಳೆಯನ ತಾತನ ಅಂಬಾಸಿಡರ್. ದೋಸೆ, ಕಾಫಿ ಮುಗಿಸಿ 20 ನಿಮಿಷಕ್ಕೆ ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಗಿರಗಿರ ತಿರುಗುತ್ತೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಹೊರಟಿದ್ದ ಗಾಡಿ ಅದು! ಒಂದು ಗಂಟೆ ಬಿಟ್ಟು ನೋಡಿದರೆ, ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು.

ವಾಪಸ್ ಬಂದ ಮೇಲೆ ನಾವು, ಭಾವಿ ಎಂಜಿನಿಯರ್‌ಗಳು, ಮಾಡಿದ್ದೇನು? ಕಾಯಿಲ್ ಬದಲಾಯಿಸಿದೆವು. ಕಂಡೆನ್ಸರ್ ಬದಲಾಯಿಸಿದೆವು. ಪೆಟ್ರೋಲ್ ಪಂಪೂ ಬದಲಾಯಿಸಿದೆವು. ದುಡ್ಡು ಹೋಯ್ತು, ರೋಗ ಹೋಗಲಿಲ್ಲ. ಮನೆಯಲ್ಲಿ "ಗುಜರಿಗೆ ಕೊಟ್ಟುಬಿಡೋಣ" ಅನ್ನೋ ಮಾತು ಶುರುವಾಯ್ತು. ತಾತ ಏನೂ ಹೇಳಲಿಲ್ಲ, ಜಗುಲಿ ಮೇಲೆ ಕೂತು ಗಾಡಿ ಕಡೆ ನೋಡ್ತಾ ಇದ್ದರು ಅಷ್ಟೆ.

ಕೊನೆಗೆ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಗಾಡಿ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಕಾಲು ಗಂಟೆ ಕಾದರು. ಏರ್ ಫಿಲ್ಟರ್ ತೆಗೆದು, "ಮೊದ್ಲು ಮೂಸಿ ನೋಡ್ರಪ್ಪ" ಅಂದರು. ಪೆಟ್ರೋಲ್ ವಾಸನೆ ಗಮ್ ಅಂತ ಹೊಡೆಯಿತು.

ನಮ್ಮ ವಾದ ಇರೋದು ಇಲ್ಲೇ. ಬಿಸಿ ಎಂಜಿನ್ ಸ್ಟಾರ್ಟ್ ಆಗದಿರೋದು ಒಂದು ರೋಗ ಅಲ್ಲ, ಲಕ್ಷಣ. ಅದರ ಹಿಂದೆ ಒಂದಕ್ಕೊಂದು ವಿರುದ್ಧವಾದ ಎರಡು ಕಾರಣ ಇರಬಹುದು. ಎಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನ್ ನಿಲ್ಲುತ್ತೆ, ನೀರು ಹರಿಯೋದು ನಿಲ್ಲುತ್ತೆ, ಆದರೆ ಲೋಹದಲ್ಲಿರೋ ಬಿಸಿ ಎಲ್ಲೂ ಹೋಗಿರಲ್ಲ, ಮೇಲಕ್ಕೆ ಏರುತ್ತೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಇನ್‌ಟೇಕ್, ಎಗ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬ್ಯುರೇಟರ್ ಕೂತಿರೋದು ಹೆಚ್ಚುಕಮ್ಮಿ ಒಲೆ ಮೇಲೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಲ್ಲೇ ಕುದಿಯಲು ಶುರುಮಾಡುತ್ತವೆ.

ಕುದಿದದ್ದು ಪಂಪ್ ಅಥವಾ ಪೈಪಿನಲ್ಲಾದರೆ ಅಲ್ಲಿ ಆವಿ ತುಂಬಿಕೊಂಡು ಪೆಟ್ರೋಲ್ ಮುಂದೆ ಬರಲ್ಲ. ಎಂಜಿನ್ನಿಗೆ ಉಪವಾಸ. ಎಂಜಿನ್ನಿಗೆ ಅಂಟಿಕೊಂಡಿರೋ ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಹೀರುತ್ತೆ. ಹೀರುವಾಗ ಒತ್ತಡ ಇಳಿಯುತ್ತೆ, ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತೆ. ಹಳೇ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದದ್ದು ಇದಕ್ಕೇ. ನಾವು ಥರ್ಮೋಡೈನಮಿಕ್ಸ್‌ನಲ್ಲಿ ಲೇಟೆಂಟ್ ಹೀಟ್ ಅಂತ ಬಾಯಿಪಾಠ ಮಾಡಿದ್ದನ್ನ ಅವರು ರಸ್ತೆಬದಿಯಲ್ಲಿ ಮಾಡಿ ತೋರಿಸ್ತಿದ್ದರು.

ಕುದಿದದ್ದು ಫ್ಲೋಟ್ ಬೌಲ್‌ನಲ್ಲಾದರೆ ಕಥೆ ಉಲ್ಟಾ. ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡಿಗೆ ಸುರಿಯುತ್ತೆ. ಎಂಜಿನ್ನಿಗೆ ಅಜೀರ್ಣ. ಆಗ ಆಕ್ಸಿಲರೇಟರನ್ನ ಪದೇ ಪದೇ ಒತ್ತಿದರೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತೆ. ಪೆಡಲ್ ಪೂರ್ತಿ ಒತ್ತಿ ಹಿಡಿದು, ಚೋಕ್ ಮುಟ್ಟದೆ, ಸುಮ್ಮನೆ ಕ್ರ್ಯಾಂಕ್ ಮಾಡಬೇಕು. ಗಾಳಿ ಒಳಗೆ ಹೋಗಿ ಹೆಚ್ಚಾದದ್ದು ಹೊರಗೆ ಹೋಗುತ್ತೆ. ಉಪವಾಸದವನಿಗೂ ಅಜೀರ್ಣದವನಿಗೂ ಒಂದೇ ಮದ್ದು ಕೊಟ್ಟರೆ ಏನಾಗುತ್ತೆ ಹೇಳಿ! ಬಿಸಿಯಾದಾಗ ಕೈಕೊಡುವ ಕಾಯಿಲ್, ಕಂಡೆನ್ಸರ್ ಕೂಡ ಇರ್ತವೆ, ನಿಜ. ಆದರೆ ಬದಲಾಯಿಸೋ ಮುಂಚೆ ಗಾಡಿ ಬಿಸಿ ಇದ್ದಾಗಲೇ ಸ್ಪಾರ್ಕ್ ನೋಡಬೇಕಲ್ವಾ? ನಾವು ನೋಡಿದ್ದು ಮಾರನೇ ದಿನ, ಎಂಜಿನ್ ತಣ್ಣಗಿದ್ದಾಗ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದೇನು ಗೊತ್ತಾ? ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬಿಸಿ ತಡೆಯೋಕೆ ಇರಬೇಕಾದ ದಪ್ಪ ಬೇಕಲೈಟ್ ತುಂಡೇ ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದಾಗ ತೆಳು ಪೇಪರ್ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದರು. ಆ ತುಂಡು ಹಾಕಿಸಿ, ಫ್ಲೋಟ್ ಲೆವೆಲ್ ಸರಿಮಾಡಿದ ಮೇಲೆ ತೊಂದರೆ ಹೋಯ್ತು. ನಾವು ದುಡ್ಡು ಸುರಿದಿದ್ದ ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ಎಲ್ಲರೂ ಕೊಡೋ ಉತ್ತರ ಎರಡು. ಒಂದು, "ಎಲೆಕ್ಟ್ರಿಕ್ ಪಂಪ್ ಹಾಕ್ಸು." ಟ್ಯಾಂಕಿನ ಹತ್ತಿರ ಕೂರಿಸಿದರೆ ಅದು ಪೆಟ್ರೋಲನ್ನ ತಳ್ಳುತ್ತೆ, ಆವಿ ತೊಂದರೆ ಕಮ್ಮಿಯಾಗುತ್ತೆ. ಆದರೆ ಒತ್ತಡ ಜಾಸ್ತಿಯಾದರೆ ನೀಡಲ್ ವಾಲ್ವ್ ತಡೆಯಲ್ಲ, ಅಜೀರ್ಣದ ಗಾಡಿಗೆ ಇನ್ನೊಂದು ಊಟ ಬಡಿಸಿದ ಹಾಗೆ. ಎರಡು, "ಎಲ್ಲಾ ಇ20 ಪೆಟ್ರೋಲಿಂದ." ಎಥನಾಲ್ ಹಳೇ ರಬ್ಬರ್ ಪೈಪುಗಳಿಗೆ ಒಳ್ಳೇದಲ್ಲ, ಅವನ್ನ ಬದಲಾಯಿಸಲೇಬೇಕು. ಆದರೆ ಇಲ್ಲದ ಬೇಕಲೈಟ್ ತುಂಡಿಗೆ ಎಥನಾಲ್ ಹೇಗೆ ಹೊಣೆ?

"ಇಂಜೆಕ್ಷನ್ ಬಂತು, ಇವಿ ಬಂತು, ಇದೆಲ್ಲ ಯಾಕೆ" ಅಂತ ಕೇಳಬಹುದು. ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಸುಲಭಕ್ಕೆ ಕುದಿಯದಿರೋದು ಅದನ್ನ ಒತ್ತಡದಲ್ಲಿ ಇಟ್ಟಿರೋದರಿಂದಲೇ. ಇವಿ ಬ್ಯಾಟರಿಯಲ್ಲೂ ಬಿಸಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತೆ ಅನ್ನೋದೇ ಪ್ರಶ್ನೆ. ವಿಷಯ ಹಳೆಯದಾಗಿಲ್ಲ, ಡಬ್ಬಿ ಮಾತ್ರ ಹೊಸದು.

ಅದಕ್ಕೆ ನಮ್ಮ ಲ್ಯಾಬಿಗೆ ಒಂದು ಬೇಡಿಕೆ. ಪರೀಕ್ಷೆಯಲ್ಲಿ ಕಾರ್ಬ್ಯುರೇಟರ್‌ನ ನೀಟ್ ಸ್ಕೆಚ್ ಬಿಡಿಸಿ 10 ಮಾರ್ಕ್ಸ್ ತಗೊಂಡವರು ನಾವೇ, ಕೊಟ್ಟಿಗೆಹಾರದಲ್ಲಿ ಪೆಚ್ಚುಮೋರೆ ಹಾಕ್ಕೊಂಡು ನಿಂತವರೂ ನಾವೇ. ಮೂಲೆಯಲ್ಲಿ ಧೂಳು ತಿನ್ನುತ್ತಿರೋ ಎಂಜಿನ್ನಿಗೆ ಬೇಕಂತಲೇ ಒಂದು ದೋಷ ಮಾಡಿಟ್ಟು, ವೈವಾದಲ್ಲಿ "ಹುಡುಕಿ" ಅನ್ನಿ. ಏನು ಬದಲಾಯಿಸಿದೆ ಅನ್ನೋದಕ್ಕಲ್ಲ, ಯಾಕೆ ಬದಲಾಯಿಸಿದೆ ಅನ್ನೋದಕ್ಕೆ ಮಾರ್ಕ್ಸ್ ಕೊಡಿ. ಆ ಮೆಕ್ಯಾನಿಕ್ ಥರದವರನ್ನ ಒಂದು ದಿನ ಕರೆಸಿ ಪಾಠ ಮಾಡಿಸಿ.

ಅಂದ ಹಾಗೆ, ಗುಜರಿ ಮಾತು ಈಗ ನಿಂತಿದೆ. ತಾತ ಸಂತೆಗೆ ಹೋಗೋದು ಮತ್ತೆ ಅದರಲ್ಲೇ.