ಮಕ್ಕಳ ಶಾಲೆಯ ಕಾಗದಗಳೂ ನೋಟರಿಯ ಮೊಹರೂ

ಶಾಲೆಗಳು ತೆರೆಯುವ ಕಾಲ ಸಮೀಪಿಸಿತೆಂದರೆ ಕೋರ್ಟಿನ ಆವರಣಗಳಲ್ಲಿ ತಾಯಿತಂದೆಗಳ ಸಂದಣಿ ಹೆಚ್ಚುತ್ತದೆ. "ನೋಟರಿ ಮಾಡಿಸಿಕೊಂಡು ಬನ್ನಿ ಎಂದರು" ಎಂಬುದೊಂದೇ ಮಾತು. ಏನನ್ನು, ಯಾತಕ್ಕೆ ಎಂದು ಕೇಳಿದರೆ ಬಹುಮಂದಿಗೆ ತಿಳಿಯದು. ಗೃಹಸ್ಥರಾದ ನಮ್ಮ ವಾಚಕರು ಇದನ್ನು ಅರಿತಿರುವುದು ಲೇಸೆಂದು ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ನೋಟರಿಗಳನ್ನು 1952ರ ಅಧಿನಿಯಮದ ಮೇರೆಗೆ ಸರ್ಕಾರವು ನೇಮಿಸುತ್ತದೆ. ನಕಲು ಮೂಲಕ್ಕೆ ಸರಿಯಾಗಿದೆಯೆಂದು ದೃಢೀಕರಿಸುವುದೂ, ಇಂಥವರು ತಮ್ಮೆದುರಿನಲ್ಲಿ ಪ್ರಮಾಣ ಮಾಡಿ ರುಜು ಹಾಕಿದರೆಂದು ಬರೆದುಕೊಡುವುದೂ ಅವರ ಕೆಲಸಗಳಲ್ಲಿ ಸೇರಿವೆ. ಪ್ರಮಾಣ ಮಾಡಿದ ಸಂಗತಿ ನಿಜವೆಂದು ಮಾತ್ರ ಆ ಮೊಹರು ಹೇಳುವುದಿಲ್ಲ. ಆ ಹೊಣೆ ರುಜು ಹಾಕಿದವರದು. ಆದುದರಿಂದ ಮನೆಯಲ್ಲಿಯೇ ರುಜು ಹಾಕಿ ಕಾಗದವನ್ನು ಬೇರೊಬ್ಬರ ಕೈಯಲ್ಲಿ ಕಳುಹಿಸುವ ರೂಢಿ ಸಲ್ಲದು. ಮೂಲಪತ್ರಗಳನ್ನೂ ಗುರುತಿನ ಚೀಟಿಯನ್ನೂ ಹಿಡಿದು ತಾವೇ ಹೋಗತಕ್ಕದ್ದು.

ನಮ್ಮ ಕಡೆ ಇದರ ಉಪಯೋಗ ಹೆಚ್ಚಾಗಿ ಹೆಸರಿನ ತೊಡಕಿನಲ್ಲಿ. ತಂದೆಯ ಹೆಸರು ಒಂದು ಕಾಗದದಲ್ಲಿ ಮೊದಲಕ್ಷರಗಳೊಡನೆ, ಇನ್ನೊಂದರಲ್ಲಿ ಊರಿನ ಹೆಸರಿನೊಡನೆ ಇರುತ್ತದೆ. ತಾಯಿಗೆ ತವರಿನದೊಂದು, ಮದುವೆಯ ಮೇಲಿನದೊಂದು. ಇವರಿಬ್ಬರೂ ಒಬ್ಬರೇ ಎಂದು ಛಾಪಾಕಾಗದದ ಮೇಲೆ ಅಫಿಡವಿಟ್ಟು ಬರೆಯಿಸುವುದು ಯೋಗ್ಯವೇ. ಆದರೆ ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಅದನ್ನು ಜನನ ಮರಣ ನೋಂದಣಾಧಿಕಾರಿಗಳಲ್ಲಿ ಸೇರಿಸಿಕೊಳ್ಳಬೇಕೇ ಹೊರತು ನೋಟರಿಯ ಬಳಿ ಹೋಗಿ ಫಲವಿಲ್ಲ. ಬರಿಯ ನಕಲುಗಳಾದರೆ ಸ್ವಂತ ರುಜು ಸಾಕೆ ಎಂದು ಮೊದಲು ವಿಚಾರಿಸಿರಿ. ಸ್ವಯಂದೃಢೀಕರಣವನ್ನು ಕೇಂದ್ರ ಸರ್ಕಾರವು 2014ರಲ್ಲಿಯೇ ಪ್ರೋತ್ಸಾಹಿಸಿದೆ.

ವಯಸ್ಸಿನ ವಿಚಾರವನ್ನು ಕುರಿತು ಒಂದೆರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಂದಿನಿಂದ, ಕೆಲವು ತಿಂಗಳು ಕಡಿಮೆಯಾದ ಮಕ್ಕಳ ಹಿರಿಯರು ಬಹಳ ಕಳವಳಗೊಂಡಿದ್ದಾರೆ. 2025ರಲ್ಲಿ ನಮ್ಮ ರಾಜ್ಯ ಸರ್ಕಾರವು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳೆಂದು ಸಡಿಲಿಸಿದ್ದೂ ಉಂಟು. ಇಂತಹ ಸಮಯದಲ್ಲಿ, "ಒಂದು ಅಫಿಡವಿಟ್ಟು ಹಾಕಿ, ಹುಟ್ಟಿದ ದಿನವನ್ನು ಹಿಂದಕ್ಕೆ ತಳ್ಳಿಬಿಡಿ" ಎಂದು ಉಪದೇಶಿಸುವ ಹಿತೈಷಿಗಳಿಗೆ ಕೊರತೆಯಿಲ್ಲ. ಸುಳ್ಳು ಪ್ರಮಾಣವು ಶಿಕ್ಷಾರ್ಹವಾದ ಅಪರಾಧ. ಅದಕ್ಕಿಂತಲೂ ನಮ್ಮನ್ನು ನೋಯಿಸುವುದು ಮಗುವಿನ ಪಾಡು. ಶಾಲೆಯ ದಾಖಲೆಯ ದಿನಾಂಕವೇ ಹತ್ತನೆಯ ತರಗತಿಯ ಅಂಕಪಟ್ಟಿಗೆ ಇಳಿಯುತ್ತದೆ. ಜನನ ಪತ್ರದಲ್ಲಿ ಇನ್ನೊಂದು ಉಳಿದಿರುತ್ತದೆ. ಹಿರಿಯರು ಉಳಿಸಿದ ಒಂದು ವರ್ಷಕ್ಕಾಗಿ ಪಾಸುಪೋರ್ಟಿನ ಕಚೇರಿಯಲ್ಲಿಯೂ ನೌಕರಿಯ ಕಚೇರಿಯಲ್ಲಿಯೂ ಆ ಮಗುವೇ ಉತ್ತರ ಹೇಳಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗಂತೂ ಜನನ ಪತ್ರವೇ ಶಾಲಾ ಪ್ರವೇಶಕ್ಕೆ ವಯಸ್ಸಿನ ಆಧಾರವೆಂದು ತಿದ್ದುಪಡಿಯಾದ ಕಾನೂನು ವಿಧಿಸಿದೆ. ನೋಂದಣಿಯೇ ಆಗದೆ ಒಂದು ವರ್ಷ ಮೀರಿದ್ದರೆ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು. ಈ ಕೆಲಸವನ್ನು ಶಾಲೆಗೆ ಸೇರಿಸುವ ವಾರದವರೆಗೆ ತಡೆದಿಡಬೇಡಿರಿ.

ವಿದೇಶದ ಶಾಲೆಗೆ ಹೋಗುವ ಮಕ್ಕಳಿಗೆ ನೋಟರಿಯ ಮೊಹರೊಂದೇ ಸಾಲದಿರಬಹುದು. ಅನೇಕ ದೇಶಗಳು ನಮ್ಮ ವಿದೇಶಾಂಗ ಮಂತ್ರಾಲಯದ ಅಪೋಸ್ಟಿಲ್ ಮುದ್ರೆಯನ್ನು ಕೇಳುತ್ತವೆ. ಭಾರತದಲ್ಲಿ ಆ ಪದ್ಧತಿ 2005ರಿಂದ ಜಾರಿಯಲ್ಲಿದೆ.

ಕಾಗದ ಸಿದ್ಧವಾಗುವವರೆಗೆ ಮಗು ಮನೆಯಲ್ಲಿಯೇ ಕೂತಿರಬೇಕೆ? ಬೇಕಿಲ್ಲ. 2009ರ ಶಿಕ್ಷಣ ಹಕ್ಕಿನ ಕಾನೂನಿನಂತೆ ಎಂಟನೆಯ ತರಗತಿಯವರೆಗೆ ವಯಸ್ಸಿನ ಪುರಾವೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಬಂದ ಮಗುವನ್ನು ವರ್ಗಾವಣೆ ಪತ್ರ ತಡವಾಯಿತೆಂದು ಹೊರಗೆ ನಿಲ್ಲಿಸಕೂಡದು. ಹಾಗೆ ನಿಲ್ಲಿಸಿದರೆ ಮುಖ್ಯೋಪಾಧ್ಯಾಯರಿಗೆ ಅರ್ಜಿಯನ್ನು ಬರೆದುಕೊಟ್ಟು, ಅದರ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮುಟ್ಟಿಸಿರಿ. ಆ ಅರ್ಜಿಗೆ ನೋಟರಿಯ ಮೊಹರು ಬೇಕಾಗಿಲ್ಲ.