ಟಿಸಿ ಯಾಕ ಸುಡತೈತಿ? ಲೆಕ್ಕ ನಮ್ಮ ಕೈಯಾಗೂ ಐತಿ



10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಬಿಲ್ ಬರೂದಿಲ್ಲ. ಹಿಂಗಾಗಿ ಯೂನಿಟ್, ಕಿಲೋವ್ಯಾಟ್, ಆಂಪಿಯರ್ ಅಂದ್ರ ಲೈನ್‌ಮನ್ನರ ಮಾತು ಅಂತ ನಾವು ಬಿಟ್ಟುಬಿಟ್ಟೀವಿ. ನನ್ನ ಅಭಿಪ್ರಾಯ ಬ್ಯಾರೆ. ಕರೆಂಟಿಗೆ ರೊಕ್ಕ ಕೊಡದಿದ್ರೂ ಮೋಟಾರ್ ವೈಂಡಿಂಗಿಗೆ ಕೊಡೋರು ನಾವೇ. ಟಿಸಿ ಸುಟ್ಟಾಗ ಒಣಗೋದು ನಮ್ಮ ಉಳ್ಳಾಗಡ್ಡಿ, ನಮ್ಮ ಮೆಣಸಿನಗಿಡ. ಈ ಶಬ್ದಗಳು ರೈತರಿಗೆ ಗೊತ್ತಿರಲೇಬೇಕು.

ಡ್ರಿಪ್ ಪೈಪು ನೆನಸ್ಕೊಳ್ರಿ. ಪೈಪಿನೊಳಗಿನ ಒತ್ತಡ ಇದ್ದಂಗ ವೋಲ್ಟೇಜ್. ಹರಿಯೋ ನೀರು ಇದ್ದಂಗ ಆಂಪಿಯರ್. ಎರಡೂ ಕೂಡಿ ಕೊಡೋ ಬಲ ವ್ಯಾಟ್. 1000 ವ್ಯಾಟಿಗೆ ಒಂದು ಕಿಲೋವ್ಯಾಟ್, 1 ಎಚ್‌ಪಿ ಅಂದ್ರ 746 ವ್ಯಾಟ್. ಕಿಲೋವ್ಯಾಟ್ ಎತ್ತಿನ ಬಲ, ಯೂನಿಟ್ ಆ ಎತ್ತು ದುಡಿದ ಕೆಲಸ. ಒಂದು ಕಿಲೋವ್ಯಾಟ್ ಒಂದು ತಾಸು ನಡೆದ್ರ ಒಂದು ಯೂನಿಟ್. ಕಪ್ಪತಗುಡ್ಡದ ಕಡೆ ಕಾಣೋ ಗಾಳಿ ಫ್ಯಾನಿಗೂ ಇದೇ ಲೆಕ್ಕ. 2 ಮೆಗಾವ್ಯಾಟಿನ ಫ್ಯಾನು ಪೂರ್ತಿ ಬಲದಾಗ ಒಂದು ತಾಸು ತಿರುಗಿದ್ರ 2000 ಯೂನಿಟ್. ಗಾಳಿ ನಿಂತ್ರ ಸೊನ್ನೆ.

ಈಗ ನಮ್ಮ ಬೋರಿಗೆ ಬರೋಣ. 5 ಎಚ್‌ಪಿ ಅಂದ್ರ 3.73 ಕಿಲೋವ್ಯಾಟ್. ಇದು ಮೋಟಾರು ಕೊಡೋ ಬಲ. ನಡುವಿನ ನಷ್ಟ ಹಿಡಿದ್ರ ಅದು ತಗೊಳ್ಳೋದು ಸುಮಾರು 5 ಕಿಲೋವ್ಯಾಟ್. 7 ತಾಸಿಗೆ 35 ಯೂನಿಟ್ ಆತು. ಟಿಸಿ ಹೊರೋ ಭಾರವನ್ನು ಕೆವಿಎ ಅಂತಾರ, ಅದರ ತಗಡಿನ ಮ್ಯಾಲೆ 25, 63, 100 ಅಂತ ಬರೆದಿರತಾರ. 5 ಎಚ್‌ಪಿ ಪಂಪಿಗೆ ಅಂದಾಜು 6 ಕೆವಿಎ ಹಿಡೀರಿ. 63 ರ ಟಿಸಿಗೆ 10 ಪಂಪು ಸರಿಹೋಗತಾವ. ಅದೇ ಹತ್ತು ಮಂದಿ ಸುಮ್ಮನ 7.5 ಎಚ್‌ಪಿ ಇಳಿಸಿದ್ರ ಭಾರ 90 ಕೆವಿಎ ಮುಟ್ಟತೈತಿ.

ಆಮ್ಯಾಲೆ ಏನಾಗತೈತಿ? ವೋಲ್ಟೇಜ್ ಬೀಳತೈತಿ. ನೀರು ಎತ್ತೋ ಕೆಲಸ ಅಷ್ಟೇ ಇರತೈತಿ, ಅದಕ್ಕ ಮೋಟಾರು ಹೆಚ್ಚು ಆಂಪಿಯರ್ ಎಳೀತೈತಿ. 8 ಆಂಪಿಯರ್ ಎಳೆಯೋದು 10 ಎಳೆದ್ರ ತಂತಿಯೊಳಗಿನ ಬಿಸಿ ಒಂದೂವರೆ ಪಟ್ಟು ದಾಟತೈತಿ. ವೈಂಡಿಂಗ್ ಸುಡೋದು ಹಿಂಗ.

ಬೋರಿನ ನೀರು ಕೆಳಗ ಹೋಗೇತಿ, 5 ಎಚ್‌ಪಿ ಎತ್ತೂದಿಲ್ಲ ಅಂತೀರಿ. ಖರೇ ಐತಿ. ದೊಡ್ಡ ಮೋಟಾರು ಇಳಿಸ್ರಿ, ಆದ್ರ ಅದನ್ನ ಬರೆಸ್ರಿ. ಕಾಗದದಾಗ 50 ಎಚ್‌ಪಿ, ಹೊಲದಾಗ 75 ಎಚ್‌ಪಿ ಇದ್ರ ದೊಡ್ಡ ಟಿಸಿ ಕೊಡ್ರಿ ಅಂತ ಯಾವ ಬಾಯಿಲೆ ಕೇಳೋದು? 7.5 ಅಂತ ಬರೆಸಿದ್ರೂ ಅದು 10 ಎಚ್‌ಪಿ ಒಳಗೇ ಐತಿ, ಉಚಿತ ಕರೆಂಟ್ ಹೋಗೂದಿಲ್ಲ. ಭಾರ ಮುಚ್ಚಿಟ್ಟಷ್ಟು ನಮ್ಮ ಹಕ್ಕೂ ಮುಚ್ಚಿಹೋಗತೈತಿ.

ಒಂದು ಟಿಸಿಯವರೆಲ್ಲಾ ಕೂತು ಖರೇ ಎಚ್‌ಪಿ ಬರ್ಕೊಳ್ರಿ, ಕೂಡಿಸ್ರಿ, ಎಲ್ಲಾರೂ ಸಹಿ ಮಾಡಿ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡ್ರಿ. ದೊಡ್ಡ ಟಿಸಿ ಬರೂತನಕ ಪಾಳಿ ಮ್ಯಾಲೆ ಓಡಿಸ್ರಿ. ಆಟೋ ಸ್ಟಾರ್ಟರ್ ಇದ್ದವರು ಒಬ್ಬೊಬ್ಬರು ಬ್ಯಾರೆ ಬ್ಯಾರೆ ಟೈಮ್ ಇಡ್ರಿ, ಕರೆಂಟ್ ಬಂದ ಕೂಡಲೇ ಎಲ್ಲಾ ಮೋಟಾರು ಒಮ್ಮೆಲೆ ಎದ್ರ ಟಿಸಿ ತಡಕೊಳ್ಳೂದಿಲ್ಲ. ಸ್ಟಾರ್ಟರ್ ಪೆಟ್ಟಿಗಿ ಮ್ಯಾಲಿನ ಆಂಪಿಯರ್ ಮುಳ್ಳು ದಿನಾ ನೋಡ್ರಿ. ಮೋಟಾರಿನ ತಗಡಿನಾಗ ಬರೆದಿದ್ದಕ್ಕಿಂತ ಅದು ಮ್ಯಾಲೆ ಹೋದ್ರ ಮೊದಲು ಬಂದ್ ಮಾಡ್ರಿ, ಆಮ್ಯಾಲೆ ಫೋನ್ ಹಚ್ಚರಿ.