ಪ್ಲೇಯರಿನ ತಲಿ ಮ್ಯಾಲಿನ ರೂಪಾಯಿ ತಗೀರಿ

ಹಳೇ ಪ್ಲೇಯರ್ ಮತ್ತ ಅಟ್ಟದಿಂದ ಇಳದಾವ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಎಲ್‌ಪಿ ಒರಸಿ ಇಟ್ಟೀರಿ, ಭಾಳ ಛಲೋ. ಆದ್ರ ಸೂಜಿ ಜಿಗದ ಕೂಡಲೇ ಅದರ ತಲಿ ಮ್ಯಾಲೆ ಒಂದು ರೂಪಾಯಿ ಇಡ್ತೀರಲ್ಲ, ಅದು ನನಗ ಒಟ್ಟ ಸೇರೂದಿಲ್ಲ.

ಆರ್ಟೊಫಾನ್ 2ಎಂ ರೆಡ್ ಅನ್ನೋ ಕಾರ್ಟ್ರಿಜ್ ಸೂಜಿಗೆ ಕಂಪನಿ ಹೇಳಿದ ಭಾರ 1.8 ಗ್ರಾಂ. ರೂಪಾಯಿ ಒಂದೇ 3 ಗ್ರಾಂಗಿಂತ ಜಾಸ್ತಿ ತೂಗತದ. ಕುಕ್ಕರ್ ಶೀಟಿ ಮ್ಯಾಲೆ ಯಾರರೆ ಕಲ್ಲು ಇಡ್ತಾರೇನ್ರೀ? ಸವದ ಗೀರು ಮತ್ತ ತುಂಬೂದಿಲ್ಲ, ಆ ದನಿ ಹೋತಂದ್ರ ಹೋತು.

ಮೊದಲ ಧೂಳ ತಗೀರಿ, ಪ್ಲೇಯರ್ ಸಮ ಕೂತದೇನು ನೋಡ್ರಿ. ಆಮ್ಯಾಲೆ ಜೋಡಿ ನೋಡ್ರಿ. ಮನಿ ಗಂಡಸರು ರೇಟ್ ನೋಡಿ ಕಾರ್ಟ್ರಿಜ್ ತರ್ತಾರ, ತೋಳಿನ ತೂಕ ಕೇಳೂದೇ ಇಲ್ಲ. ಸೂಜಿ ಸಣ್ಣ ರಬ್ಬರಿನ ಮ್ಯಾಲೆ ಕೂತಿರತದ, ತೋಳು ಅದರ ಮ್ಯಾಲಿನ ಭಾರ. ಎರಡೂ ಕೂಡಿ ತೊಟ್ಟಿಲದಂಗ ತಮ್ಮದೇ ಒಂದು ಗತಿಯೊಳಗ ತೂಗತಾವ. ಸೆಕೆಂಡಿಗೆ 8ರಿಂದ 12 ಸಲ ತೂಗಿದ್ರ ಛಲೋ. ಮೆತ್ತನ್ನ ರಬ್ಬರಿಗೆ ಭಾರಾದ ತೋಳು ಬಿದ್ರ ತೂಗು ನಿಧಾನ ಆಗಿ, ಸೊಟ್ಟ ಪ್ಲೇಟಿನ ಏರಿಳಿತಕ್ಕ ಕೂಡಿ ಸೂಜಿ ಕುಣೀತದ. ಬಿರುಸು ರಬ್ಬರಿಗೆ ಹಗುರ ತೋಳು ಆದ್ರ ತೂಗು ಹಾಡಿನ ಕೆಳಗಿನ ದನಿ ಸನೇಕ ಹೋಗಿ ಅದನ್ನ ಕೆಡಸತದ.

ಲೆಕ್ಕ ಪೆನ್ಸಿಲ್ಲಿನದು. ಟೆಕ್ನಿಕ್ಸ್ ಎಸ್‌ಎಲ್-1200 ತೋಳಿಂದು 12 ಗ್ರಾಂ, 2ಎಂ ರೆಡ್ 7.2 ಗ್ರಾಂ, ಕೂಡಿದ್ರ 19.2. ರಬ್ಬರಿನ ಮೆತ್ತಗಿಗೆ ಚೀಟ್ಯಾಗ ಕಂಪ್ಲಯನ್ಸ್ ಅಂತಾರ, ಇದರದು 20. ಗುಣಿಸಿದ್ರ 384, ಅದರ ವರ್ಗಮೂಲ ಸುಮಾರು 19.6. 159ನ್ನ ಅದರಿಂದ ಭಾಗಿಸ್ರಿ, 8.1 ಬರತದ. ಜೋಡಿ ಕೂಡ್ತು. ಡೆನಾನ್ ಡಿಎಲ್-103 ಬಿರುಸಿನದು, ಭಾರಾದ ತೋಳು ಬೇಡತದ. ಅದರ ಚೀಟ್ಯಾಗ 5 ಅಂತ ಇರತದ, ಆದ್ರ ಅದು 100 ಹರ್ಟ್ಜಿನಾಗ ಅಳೀವ ಜಪಾನಿ ಪದ್ಧತಿ. ಈ ಲೆಕ್ಕಕ್ಕ ಹೆಚ್ಚುಕಡಿಮಿ ಎರಡ ಪಟ್ಟು ಹಿಡೀರಿ.

ಸೂಟ್‌ಕೇಸಿನಂಥಾ ಅಗ್ಗದ ಪ್ಲೇಯರಿನಾಗ ತೋಳಿನ ಭಾರ ಹೊಂದಸೂ ವ್ಯವಸ್ಥಾನೇ ಭಾಳ ಸಲ ಇರೂದಿಲ್ಲ. ಅದರಾಗ ಸವದ ಸಿನಿಮಾ ಪ್ಲೇಟ್ ಬೇಕಾದಷ್ಟು ಹಾಕ್ರಿ, ಮನ್ಸೂರ ಅಜ್ಜಾರನ್ನ ಮಾತ್ರ ಹಾಕಬ್ಯಾಡ್ರಿ.